ಅರಮನೆ ಅಳಿಯಿತು, ಮರದ ಮನೆ ಉಳಿಯಿತು
(ಉಪನ್ಯಾಸದ ಬರಹರೂಪ)



ಕುದಾಪುರದ ಕಡೆಯ ಹಿರಿಯರನ್ನು ‘ನಿಮ್ಮ ಹಳೆಯ ಮನೆ ಎಷ್ಟು ದೊಡ್ಡದಿತ್ತು?’ ಎಂದು ಕೇಳಿದರೆ ಅವರು ಅಡಿ, ಚದರಗಳ ಲೆಕ್ಕ ಹೇಳುವುದಿಲ್ಲ. ‘ಐದಂಕಣದ ಮನೆ’ ಎನ್ನುತ್ತಾರೆ. ಸ್ಥಿತಿವಂತರ ಮನೆಯಾಗಿದ್ದರೆ ‘ಹತ್ತಂಕಣದ್ದು’ ಎಂದು ತುಸು ಹೆಮ್ಮೆಯಿಂದಲೇ ಹೇಳುತ್ತಾರೆ. ಕಂಬದ ಸಾಲುಗಳ ನಡುವೆ, ತೊಲೆ ತೊಲೆಗಳ ನಡುವೆ ಸಿಗುವ ಜಾಗಕ್ಕೆ ಅಂಕಣ ಎಂದು ಹೆಸರು. ದಿನಪತ್ರಿಕೆಯ ಪುಟದಲ್ಲಿ ಮೇಲಿನಿಂದ ಕೆಳಗಿಳಿಯುವ ಅಕ್ಷರಗಳ ಪಟ್ಟಿಗೂ ಕನ್ನಡಿಗರು ಇದೇ ಹೆಸರನ್ನು ಇಟ್ಟಿದ್ದಾರೆ. ಮನೆಯ ಮಾತು ಪತ್ರಿಕೆಗೆ ಬಂದು ನೆಲೆಸಿತು. ಆ ಮಾತು ಹುಟ್ಟಿದ ಮನೆಗಳು ಮಾತ್ರ ಒಂದೊಂದಾಗಿ ಕಾಣೆಯಾಗುತ್ತಿವೆ.

ಹಳೆಯ ಮರದ ಮನೆಗಳು ಏಕೆ ಅಳಿಯುತ್ತವೆ, ಕೆಲವು ಮಾತ್ರ ಹೇಗೆ ಉಳಿಯುತ್ತವೆ ಎಂಬುದು ಇಂದಿನ ವಿಷಯ. ಇದಕ್ಕೆ ಉತ್ತರ ಹುಡುಕಲು ಕುದಾಪುರದಿಂದ ಹೊರಟು ಶ್ರೀರಂಗಪಟ್ಟಣ, ಉದಕಮಂಡಲ, ಬೆಂಗಳೂರು, ಮೈಸೂರುಗಳನ್ನು ಸುತ್ತಿ ಮತ್ತೆ ಕುದಾಪುರಕ್ಕೇ ಬರಬೇಕಾಗುತ್ತದೆ.

ಅಂಕಣದ ಲೆಕ್ಕ

ಮೊದಲಿಗೆ ಈ ಮನೆಯ ರಚನೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಮಲೆನಾಡಿನಂತೆ ಇಲ್ಲಿ ನೀರು ಸುರಿದು ಹೋಗಲು ಕಡಿದಾದ ಹೆಂಚಿನ ಮಾಡು ಬೇಕಿಲ್ಲ. ಬೇಕಾದದ್ದು ಬಿಸಿಲನ್ನು ತಡೆಯುವ ದಪ್ಪನೆಯ ಮಾಡು. ಹೀಗಾಗಿ ಇಲ್ಲಿ ಬೆಳೆದದ್ದು ಮಣ್ಣಿನ ಮಾಳಿಗೆ ಮನೆ.

ಈ ಮನೆಯಲ್ಲಿ ನೆಲದ ಮೇಲೊಂದು ಕಲ್ಲು, ಕಲ್ಲಿನ ಮೇಲೆ ಮರದ ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತೆಗಳು. ಜಂತೆಗಳ ಮೇಲೆ ಹಲಗೆ ಇಲ್ಲವೇ ಸೀಳು ಕಡ್ಡಿ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ದಪ್ಪನಾಗಿ ಮಣ್ಣು. ನೀರು ಒಳಗಿಳಿಯದಂತೆ ಕೊನೆಯಲ್ಲಿ ಚೌಳು ಮಣ್ಣಿನ ಹೊದಿಕೆ. ಬಿದ್ದ ನೀರು ಹೊರಗೆ ಹೋಗಲು ದೋಣಿ, ಬೆಳಕು ಒಳಗೆ ಬರಲು ಗವಾಕ್ಷಿ. ಮರ ಕೂಡುವ ಕಡೆ ಒಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ತೂತಿಗೆ ಕೂರಿಸಿ, ಮರದ ಬೆಣೆ ಹೊಡೆದರೆ ಮುಗಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮಾಡಿನ ಭಾರವನ್ನು ಹೊರುವುದು ಮುಖ್ಯವಾಗಿ ಕಂಬಗಳು. ಅವುಗಳ ನಡುವಿನ ಗೋಡೆಯ ಕೆಲಸ ಬಿಸಿಲು, ಗಾಳಿ, ಕಳ್ಳಕಾಕರನ್ನು ತಡೆಯುವುದು. ಒಳಗಿನ ಗೋಡೆ ಒಡೆದರೂ ಅಂಕಣ ನಿಂತಿರುತ್ತದೆ. ಕಂಬ ಕುಸಿದರೆ ಗೋಡೆ ಇದ್ದೂ ಉಪಯೋಗವಿಲ್ಲ. ಎಂತಲೇ ಜನ ಮನೆಯನ್ನು ಗೋಡೆಯ ಉದ್ದದಿಂದ ಅಳೆಯದೆ ಅಂಕಣಗಳಿಂದ ಅಳೆದರು. ಬೋದಿಗೆಗೂ ಕೆಲಸವುಂಟು. ಅದು ಕಂಬದ ಎರಡೂ ಬದಿಗೆ ಕೈ ಚಾಚಿ ತೊಲೆಯನ್ನು ಹಿಡಿಯುವುದರಿಂದ ತೊಲೆ ಆಧಾರವಿಲ್ಲದೆ ಸಾಗಬೇಕಾದ ದೂರ ಕಡಿಮೆಯಾಗುತ್ತದೆ, ನಡುವೆ ಬಾಗುವುದು ತಪ್ಪುತ್ತದೆ. ಅದರ ಮೇಲಿನ ಕೆತ್ತನೆ ಕಣ್ಣಿಗೆ ಹಬ್ಬವಾದರೆ, ಅದರ ಆಕಾರ ತೊಲೆಗೆ ಊರುಗೋಲು.

ಕಾಶ್ಮೀರದಲ್ಲಿ ‘ದಜ್ಜಿ ದೇವಾರಿ’ ಎಂಬ ಮನೆಗಳಿವೆ. ಮರದ ಚೌಕಟ್ಟುಗಳನ್ನು ಹೆಣೆದು ನಡುವಿನ ಸಂದುಗಳಿಗೆ ಕಲ್ಲು, ಇಟ್ಟಿಗೆ, ಮಣ್ಣು ತುಂಬುವ ಕ್ರಮ ಅದು. 2005ರ ಅಕ್ಟೋಬರ್ 8ರ ಭೂಕಂಪದಲ್ಲಿ ಈ ಬಗೆಯ ಮನೆಗಳು ಎಷ್ಟೋ ಹೊಸ ಕಟ್ಟಡಗಳಿಗಿಂತ ಚೆನ್ನಾಗಿ ತಾಳಿಕೊಂಡವು. ಮರ ಅಲುಗಿದರೂ ಥಟ್ಟನೆ ಮುರಿಯುವುದಿಲ್ಲ. ಯೂರೋಪಿನ ಹಳೆಯ ಊರುಗಳಲ್ಲಿ ಗೋಡೆಯ ಹೊರಗೇ ಮರದ ಚೌಕಟ್ಟು ಕಾಣುವ ಮನೆಗಳ ಹಿಂದಿರುವುದೂ ಇದೇ ತಿಳಿವಳಿಕೆ.

ಕಾವಲಿನಿಂದ ಪಟ್ಟಣಕ್ಕೆ

ಕುದಾಪುರದ ಹೆಸರನ್ನು ಇಂದು ನಾಡಿನ ಜನ ಕೇಳಿರುವುದು ಬೇರೊಂದು ಕಾರಣಕ್ಕೆ. ಇಲ್ಲಿನ ಕಾವಲಿನ ಸುಮಾರು 1500 ಎಕರೆ ನೆಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಎದ್ದಿದೆ. ಅದಕ್ಕೂ ಮುಂಚೆ ಇದು ಅಮೃತಮಹಲ್ ಕಾವಲು. ಅಮೃತಮಹಲ್ ತಳಿಯ ರಾಸುಗಳು ಮೇಯುತ್ತಿದ್ದ ಹುಲ್ಲುಗಾವಲು. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ಈ ರಾಸುಗಳ ಇಲಾಖೆಗೆ ‘ಅಮೃತಮಹಲ್’ ಎಂಬ ಹೆಸರು ಕೊಟ್ಟವನು ಟಿಪ್ಪು ಸುಲ್ತಾನ್. ಇಲ್ಲಿ ಮಹಲ್ ಎಂದರೆ ಅರಮನೆಯಲ್ಲ, ಇಲಾಖೆ. ಅವನ ಸೈನ್ಯದ ಫಿರಂಗಿಗಳನ್ನೂ ಸಾಮಾನನ್ನೂ ಎಳೆದವು ಈ ತಳಿಯ ಎತ್ತುಗಳೇ.

ಬಯಲುಸೀಮೆಯ ಕಾವಲಿಗೆ ಮಹಲ್ ಎಂಬ ಹೆಸರಿಟ್ಟ ದೊರೆಯ ನಿಜವಾದ ಮಹಲುಗಳು ಏನಾದವು? ಮರದ ಮನೆಯ ಅಳಿವು ಉಳಿವಿನ ಕಥೆ ಅಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ಕಾರಣ, ಅವನ ಅರಮನೆಗಳೂ ಮುಖ್ಯವಾಗಿ ಮರದವು. ಕುದಾಪುರದ ಮನೆಯಲ್ಲಿ ಬೇವು, ಜಾಲಿಯ ಕಂಬವಿದ್ದರೆ ಅಲ್ಲಿ ತೇಗದ ಕಂಬ. ಇಲ್ಲಿ ಮಣ್ಣು ಮೆತ್ತಿದ್ದರೆ ಅಲ್ಲಿ ಗಾರೆ ಮೆತ್ತಿ ಬಣ್ಣ ಬಳಿದಿದ್ದರು. ಕಲ್ಲು, ಕಂಬ, ತೊಲೆ ಎಂಬ ಕ್ರಮ ಮಾತ್ರ ಎರಡೂ ಕಡೆ ಒಂದೇ.

ತೋಟದ ಮನೆ, ಕೋಟೆಯ ಅರಮನೆ

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗೆ ಎರಡು ಮುಖ್ಯ ನಿವಾಸಗಳಿದ್ದವು. ಕೋಟೆಯೊಳಗೆ, ರಂಗನಾಥಸ್ವಾಮಿ ದೇವಾಲಯದ ಸಮೀಪದಲ್ಲಿ ಲಾಲ್ ಮಹಲ್ ಅರಮನೆ. ಅವನ ಸಂಸಾರ, ಖಜಾನೆ, ಗ್ರಂಥ ಭಂಡಾರ, ದರ್ಬಾರು ಎಲ್ಲವೂ ಅಲ್ಲಿ. ಕೋಟೆಯ ಹೊರಗೆ, ಕಾವೇರಿಯ ದಡದ ತೋಟದಲ್ಲಿ ದರಿಯಾ ದೌಲತ್. ಅದು 1784ರಲ್ಲಿ ಕಟ್ಟಿಸಿದ ಬೇಸಿಗೆಯ ಮನೆ. ಅರಮನೆಯ ಮುಂದೆ ಅದೊಂದು ಚಿಕ್ಕ ಬಿಡಾರವೇ ಸರಿ.

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದ. ಮರುವರ್ಷ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಲಾಲ್ ಮಹಲನ್ನು ಕಂಡು ಬರೆದಿದ್ದಾನೆ. ಕಲ್ಲು, ಮಣ್ಣಿನ ದಪ್ಪ ಗೋಡೆಗಳ ಆ ದೊಡ್ಡ ಕಟ್ಟಡ ಹೊರನೋಟಕ್ಕೆ ಅವನಿಗೆ ಸಾಧಾರಣವಾಗಿ ಕಂಡಿತ್ತು. ಆಗ ಅರಮನೆ ಇನ್ನೂ ನಿಂತಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಮುತ್ತಿಗೆಯ ಗುಂಡುಗಳಿಗೆ ಅರಮನೆ ಬಲಿಯಾಯಿತೆಂದು ಹಲವರು ತಿಳಿದಿರುವುದುಂಟು, ಅದು ಸರಿಯಲ್ಲ. ಯುದ್ಧ ಮುಗಿದ ಮೇಲೆ, ವಾಸಿಸುವವರಿಲ್ಲದೆ, ನಂತರದ ದಶಕಗಳಲ್ಲಿ ಅದನ್ನು ಕೆಡವಿ, ಉಪಯೋಗಕ್ಕೆ ಬರುವ ಸಾಮಗ್ರಿಯನ್ನು ಸಾಗಿಸಲಾಯಿತು. ಇಂದು ಅಲ್ಲಿ ನೋಡಲು ಸಿಗುವುದು ಅಡಿಪಾಯದ ಗುರುತು ಮತ್ತು ಪುರಾತತ್ವ ಇಲಾಖೆಯ ಫಲಕ.

ಚಿಕ್ಕ ಮನೆಯಾದ ದರಿಯಾ ದೌಲತ್ತಿನ ಕಥೆ ಬೇರೆಯಾಯಿತು. ಕೋಟೆಯ ಪತನದ ನಂತರ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅಲ್ಲಿ ವಾಸವಾಗಿದ್ದ. ಮುಂದೆ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಹೆಸರಾದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. ಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ದೊಡ್ಡ ಚಿತ್ರವಿದೆ. ಆ ಕದನದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಯ್ಲಿಯ ಇಂಗ್ಲಿಷ್ ಪಡೆಯನ್ನು ಸುತ್ತುಗಟ್ಟಿ ಸೋಲಿಸಿತ್ತು. ಚಿತ್ರ ಹಾಳಾಗಿದ್ದಾಗ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮತ್ತೆ ಮಸುಕಾದಾಗ, 1855ರಲ್ಲಿ, ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಪುನಃ ಬರೆಸಲಾಯಿತು. ತಮ್ಮವರ ಸೋಲಿನ ಚಿತ್ರವನ್ನು ಎರಡು ಸಲ ಉಳಿಸಿದವರು ಇಂಗ್ಲಿಷರೇ ಎಂಬುದು ಇತಿಹಾಸದ ಒಂದು ವಿನೋದ. 1959ರಲ್ಲಿ ಅಲ್ಲಿ ವಸ್ತು ಸಂಗ್ರಹಾಲಯ ಆರಂಭವಾಯಿತು. ಇಂದು ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕ.

ಒಂದೇ ದೊರೆ, ಒಂದೇ ಊರು, ಒಂದೇ ಕಾಲದ ಕಟ್ಟೋಣ. ಅರಮನೆ ನೆಲಸಮವಾಯಿತು, ಅದರ ಪಕ್ಕದ ಮರದ ಮನೆ ಇನ್ನೂರು ನಲವತ್ತು ವರ್ಷ ದಾಟಿ ನಿಂತಿದೆ. ವ್ಯತ್ಯಾಸ ಮರದ ಗುಣದಲ್ಲಿರಲಿಲ್ಲ. ಒಂದರಲ್ಲಿ ಜನ ಇದ್ದರು, ಇನ್ನೊಂದರಲ್ಲಿ ಇರಲಿಲ್ಲ.

ಉದಕಮಂಡಲಕ್ಕೆ ಹೋದ ತೊಲೆ

ಲಾಲ್ ಮಹಲಿನ ಮರ ಎಲ್ಲಿಗೆ ಹೋಯಿತು ಎಂಬುದಕ್ಕೆ ಒಂದು ಕಡೆಯಾದರೂ ಖಚಿತವಾದ ಉತ್ತರವಿದೆ. ನೂರು ಕಿಲೋಮೀಟರಿಗೂ ಹೆಚ್ಚು ದೂರದ ಉದಕಮಂಡಲದಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚ್ ಇದೆ. ಮದರಾಸಿನ ಗವರ್ನರ್ ಲಷಿಂಗ್ಟನ್ನನ ಕಾಲದಲ್ಲಿ, 1829ರ ಏಪ್ರಿಲ್ 23ರಂದು, ಅದಕ್ಕೆ ಅಡಿಗಲ್ಲು ಬಿತ್ತು. ಕಟ್ಟಿಸಿದವನು ಕ್ಯಾಪ್ಟನ್ ಅಂಡರ್‌ವುಡ್. ಅದರ ಮುಖ್ಯ ತೊಲೆಯೂ ಉಳಿದ ಮರವೂ ಶ್ರೀರಂಗಪಟ್ಟಣದಲ್ಲಿ ಕೆಡವಿದ ಟಿಪ್ಪುವಿನ ಅರಮನೆಯಿಂದ ಬಂದವು. ನೀಲಗಿರಿಯ ಘಾಟಿ ಹತ್ತಿದ ಆ ತೊಲೆಗಳು ಇಂದಿಗೂ ಚರ್ಚಿನ ಮಾಡನ್ನು ಹೊತ್ತಿವೆ.

ಹಾಗಾದರೆ ಲಾಲ್ ಮಹಲಿನ ಮರ ಕೊಳೆತಿರಲಿಲ್ಲ, ಗೆದ್ದಲು ತಿಂದಿರಲಿಲ್ಲ. ಇನ್ನೂ ಇನ್ನೂರು ವರ್ಷ ಭಾರ ಹೊರುವಷ್ಟು ಗಟ್ಟಿಯಾಗಿತ್ತು. ಗಟ್ಟಿಯಾಗಿದ್ದುದೇ ಅದಕ್ಕೆ ಮುಳುವಾಯಿತು. ಹಳೆಯ ಮಣ್ಣಿನ ಗೋಡೆಯನ್ನು ಯಾರೂ ಹೊತ್ತೊಯ್ಯುವುದಿಲ್ಲ. ಒಳ್ಳೆಯ ತೇಗದ ತೊಲೆಗೆ ಯಾವ ಕಾಲದಲ್ಲೂ ಗಿರಾಕಿ ಉಂಟು. ಮರದ ಮನೆಯನ್ನು ಬೆಣೆ ಬಡಿದು ಕೂಡಿಸಿದಂತೆಯೇ ಬೆಣೆ ತೆಗೆದು ಬಿಡಿಸಲೂಬಹುದು. ಈ ಅನುಕೂಲವೇ ಅದರ ಅಪಾಯ.

ಚಿತ್ರದುರ್ಗದ ಕೋಟೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 1779ರಲ್ಲಿ ಹೈದರನ ವಶವಾದ ಆ ಕೋಟೆಯಲ್ಲಿ ನಾಯಕರ ಕಾಲದ ಅರಮನೆಯ ಆವರಣದ ಎತ್ತರದ ಮಣ್ಣಿನ ಗೋಡೆಗಳು ಮಳೆಗೆ ನೆನೆಯುತ್ತ ಇಂದಿಗೂ ನಿಂತಿವೆ. ಅವುಗಳನ್ನು ಹೊದಿಸಿದ್ದ ಮಾಡು ಇಲ್ಲ. ಎಲ್ಲಕ್ಕಿಂತ ಬಡವಾದ ಮಣ್ಣು ಉಳಿದಿದೆ, ಬೆಲೆಯುಳ್ಳದ್ದು ಉಳಿದಿಲ್ಲ.

ಕಚೇರಿಯಾಗಿ ಬದುಕಿದ ಅರಮನೆ

ಬೆಂಗಳೂರಿನ ಕೋಟೆ ಪ್ರದೇಶದಲ್ಲಿ, ವೆಂಕಟರಮಣಸ್ವಾಮಿ ದೇವಾಲಯದ ಪಕ್ಕದಲ್ಲಿ, ಟಿಪ್ಪುವಿನ ಬೇಸಿಗೆ ಅರಮನೆ ಇದೆ. 1781ರಲ್ಲಿ ಹೈದರ್ ಅಲಿ ಆರಂಭಿಸಿದ್ದನ್ನು 1791ರಲ್ಲಿ ಟಿಪ್ಪು ಮುಗಿಸಿದ. ಎರಡಂತಸ್ತಿನ ಈ ಕಟ್ಟಡದ ತೇಗದ ಕಂಬಗಳ ಬುಡವನ್ನು ನೋಡಬೇಕು. ಒಂದೊಂದು ಕಂಬವೂ ಕಲ್ಲಿನ ಪೀಠದ ಮೇಲೆ ಕೂತಿದೆ. ಮರ ನೆಲಕ್ಕೆ ತಾಗುವುದಿಲ್ಲ. ನೆಲದ ತೇವ ಮರಕ್ಕೆ ಏರದಂತೆ ಕಾಯುವ ಉಪಾಯ ಇದು. ಕುದಾಪುರದ ಮನೆಯ ಕಂಬದ ಕೆಳಗಿನ ಕಲ್ಲಿಗೂ ಇದೇ ಕೆಲಸ.

ಈ ಅರಮನೆಯೂ ಒಂದು ದೊಡ್ಡ ಆವರಣದ ಭಾಗವಾಗಿತ್ತು. ಸುತ್ತಲಿನ ಕೋಟೆಯ ಬಹುಪಾಲು ಕಾಲಕ್ರಮದಲ್ಲಿ ಹೋಯಿತು. ಈ ಒಂದು ಕಟ್ಟಡ ಉಳಿಯಲು ಕಾರಣ ಸರಳ. 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಇಲ್ಲಿ ಸರ್ಕಾರದ ಕಚೇರಿ ನಡೆಯಿತು. 1868ರಲ್ಲಿ ಅಠಾರಾ ಕಚೇರಿ ಸಿದ್ಧವಾಗಿ ಇಲಾಖೆಗಳು ಅಲ್ಲಿಗೆ ಹೋಗುವವರೆಗೂ ರಾಜ್ಯದ ಕಾಗದಪತ್ರಗಳು ಈ ಮರದ ಕಮಾನುಗಳ ಕೆಳಗೇ ಓಡಾಡಿದವು. ಕಚೇರಿ ನಡೆಯುವ ಕಡೆ ಮಾಡು ಸೋರಿದರೆ ಗುಮಾಸ್ತರು ಸುಮ್ಮನಿರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಯಾರೋ ಹತ್ತಿ ನೋಡುತ್ತಾರೆ. ಸ್ಮಾರಕ ಎಂಬ ಹೆಸರು ಬರುವುದಕ್ಕೆ ಮುಂಚೆ ಅದನ್ನು ಕಾಪಾಡಿದ್ದು ಅಷ್ಟು ಕಾಲದ ಬಳಕೆ.

ಬೆಂಕಿಯ ಪಾಠ

ಬಳಕೆಯಲ್ಲಿದ್ದರೆ ಸಾಕೆ ಎಂದು ಕೇಳಬಹುದು. ಸಾಲದು ಎಂಬುದಕ್ಕೆ ಮೈಸೂರು ಸಾಕ್ಷಿ. 19ನೇ ಶತಮಾನದ ಆರಂಭದಲ್ಲಿ ಕಟ್ಟಿದ ಮೈಸೂರಿನ ಹಿಂದಿನ ಅರಮನೆ ಬಹುಪಾಲು ಮರದ್ದೇ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಮದುವೆ ಮನೆಯಲ್ಲಿ ಜನರಿಗೆ ಕೊರತೆಯೇ? ಆದರೂ ಉರಿ ಹತ್ತಿದ ಮರದ ಮನೆಯನ್ನು ಉಳಿಸಲಾಗಲಿಲ್ಲ. ರಾಜಕುಟುಂಬ 1861ರಲ್ಲಿ ಕಟ್ಟಿದ್ದ ಜಗನ್ಮೋಹನ ಅರಮನೆಯಲ್ಲಿ ನೆಲೆಸಬೇಕಾಯಿತು. ಹೆನ್ರಿ ಇರ್ವಿನ್ ರೂಪಿಸಿ, 1912ರಲ್ಲಿ ಮುಗಿದ, 41 ಲಕ್ಷ ರೂಪಾಯಿಗೂ ಹೆಚ್ಚು ವೆಚ್ಚದ ಹೊಸ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಪ್ರಾಧಾನ್ಯ ಸಿಕ್ಕಿತು. ದಸರಾ ನೋಡಲು ಹೋದವರು ಕಲ್ಯಾಣ ಮಂಟಪದಲ್ಲಿ ಕಾಣುವ ಎರಕದ ಕಬ್ಬಿಣದ ಕಂಬಗಳು ಆ ಬೆಂಕಿ ಕಲಿಸಿದ ಪಾಠ.

ಇಲ್ಲಿಗೆ ಮರದ ಮನೆಯ ಶತ್ರುಗಳ ಪಟ್ಟಿ ಪೂರ್ತಿಯಾಯಿತು. ಮೇಲಿನಿಂದ ಸೋರುವ ನೀರು ಮತ್ತು ಅದರ ಹಿಂದೆಯೇ ಬರುವ ಗೆದ್ದಲು ಒಂದು, ಬೆಂಕಿ ಎರಡು, ಒಳ್ಳೆಯ ಮರದ ಮೇಲೆ ಬೀಳುವ ಕಣ್ಣು ಮೂರು. ಇವುಗಳಿಂದ ಕಾಪಾಡಿದರೆ ಮರಕ್ಕೆ ಆಯಸ್ಸು ಎಷ್ಟು ಎಂಬುದಕ್ಕೆ ಜಪಾನಿನ ನಾರಾ ಬಳಿಯ ಹೋರ್ಯೂಜಿ ಬೌದ್ಧ ದೇವಾಲಯವನ್ನು ನೋಡಬಹುದು. 7ನೇ ಶತಮಾನದಲ್ಲಿ ಸ್ಥಾಪನೆಯಾಗಿ, ಒಮ್ಮೆ ಸುಟ್ಟು, ಮತ್ತೆ ಕಟ್ಟಿದ ಅಲ್ಲಿನ ಮರದ ಕಟ್ಟಡಗಳು ಸುಮಾರು 1300 ವರ್ಷದಿಂದ ನಿಂತಿವೆ. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳೆಂದು ಅವುಗಳಿಗೆ ಹೆಸರು. ತಲೆಮಾರಿನಿಂದ ತಲೆಮಾರಿಗೆ ಬಡಗಿಗಳು ಅವುಗಳನ್ನು ಬಿಚ್ಚಿ, ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ, ಹೊಸ ತುಂಡು ಕೂಡಿಸಿ ಮತ್ತೆ ನಿಲ್ಲಿಸಿದ್ದಾರೆ. ಮರ ತಾನಾಗಿ ಉಳಿಯಲಿಲ್ಲ. ಬಡಗಿಯ ವಿದ್ಯೆ ಉಳಿದುದರಿಂದ ಉಳಿಯಿತು.

ಬಡಗಿಯೂ ಇಲ್ಲ, ವಾಸಿಸುವವರೂ ಇಲ್ಲ ಎಂದಾದರೆ ಏನಾಗುತ್ತದೆ ಎಂಬುದನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೇ ನೋಡಬಹುದು. ಅಲ್ಲಿನ ಅಶೋಕನ ಶಾಸನ ಇಸಿಲ ಎಂಬ ಊರಿನ ಅಧಿಕಾರಿಗಳನ್ನು ಹೆಸರಿಸುತ್ತದೆ. ಬಂಡೆಯ ಮೇಲಿನ ಅಕ್ಷರ ಸುಮಾರು 2300 ವರ್ಷ ತಾಳಿದೆ. ಆ ಅಧಿಕಾರಿಗಳು ವಾಸಿಸುತ್ತಿದ್ದ ಒಂದು ಮನೆಯೂ ಇಂದು ನಿಂತಿಲ್ಲ.

ಕಾನೂನಿನ ಕೈ ಎಷ್ಟು ಉದ್ದ?

ರಕ್ಷಿತ ಸ್ಮಾರಕ ಎಂಬ ನೀಲಿ ಫಲಕವನ್ನು ಎಲ್ಲರೂ ನೋಡಿರುತ್ತಾರೆ. ಅದರ ಹಿಂದೆ ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ, ರಾಷ್ಟ್ರೀಯ ಮಹತ್ವವುಳ್ಳದ್ದೆಂದು ಘೋಷಿಸಿದ ಕಟ್ಟಡಗಳಿಗೆ ಅದು ಅನ್ವಯ. 2010ರ ತಿದ್ದುಪಡಿಯಂತೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಕರ್ನಾಟಕಕ್ಕೆ 1961ರ ತನ್ನದೇ ಕಾಯ್ದೆಯಿದೆ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆ ಎಂದು ಹೆಸರಾದ, ದಪ್ಪ ಮರದ ಕಂಬಗಳ ಎರಡಂತಸ್ತಿನ ಕಟ್ಟಡವನ್ನು ನೋಡಿಕೊಳ್ಳುತ್ತಿರುವುದು ರಾಜ್ಯದ ಪುರಾತತ್ವ ಇಲಾಖೆ. ಅಲ್ಲೀಗ ವಸ್ತು ಸಂಗ್ರಹಾಲಯವಿದೆ.

ಹೀಗೆ ಕಾನೂನು ಕಾಯುವುದು ಪಟ್ಟಿಯಲ್ಲಿ ಹೆಸರಿರುವ ಕಟ್ಟಡವನ್ನು. ಅರಸರ ತೋಟದ ಮನೆ ಪಟ್ಟಿಗೆ ಸೇರುತ್ತದೆ. ಐದಂಕಣದ ಮಾಳಿಗೆ ಮನೆ ಸೇರುವುದಿಲ್ಲ. ತನ್ನ ಮನೆಯ ಕಂಬವನ್ನು ಮಾರಿಕೊಳ್ಳುವವನನ್ನು ಈ ಎರಡು ಕಾಯ್ದೆಗಳು ಕೇಳುವುದಿಲ್ಲ. ಆದರೆ 1972ರ ಪ್ರಾಚ್ಯವಸ್ತುಗಳ ಕಾಯ್ದೆಯಲ್ಲಿ ಬಹಳ ಜನರಿಗೆ ತಿಳಿಯದ ಒಂದು ಮಾತಿದೆ. ನೂರು ವರ್ಷ ದಾಟಿದ, ಐತಿಹಾಸಿಕ ಇಲ್ಲವೇ ಕಲಾತ್ಮಕ ಬೆಲೆಯುಳ್ಳ ಕಟ್ಟಡದಿಂದ ಬಿಡಿಸಿದ ಭಾಗವೂ ಪ್ರಾಚ್ಯವಸ್ತುವಾಗಬಹುದು; ಅಂಥದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಹಳೆಯ ಬಾಗಿಲು, ಬೋದಿಗೆ ಕೊಳ್ಳಲು ಬರುವವರ ಮುಂದೆ ಈ ಮಾತು ನೆನಪಿನಲ್ಲಿರುವುದು ಒಳ್ಳೆಯದು.

ಬಿಚ್ಚಿ ಕಟ್ಟಿದ ಮನೆಗಳು

ಅಳಿಯುವ ಮನೆಗಳಿಗಾಗಿ ಕರ್ನಾಟಕದಲ್ಲಿ ಇನ್ನೊಂದು ದಾರಿಯನ್ನು ತೋರಿಸಿದವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕಿನಲ್ಲಿ ಉದ್ಯೋಗದಲ್ಲಿದ್ದ ಅವರು ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಹುಡುಕಿ, ಬಿಚ್ಚಿಸಿ, ಮಣಿಪಾಲಕ್ಕೆ ತಂದು ಇದ್ದಂತೆಯೇ ಮತ್ತೆ ಕಟ್ಟಿಸಿದರು. ಕರಾವಳಿಯ ಕುಂಜೂರಿನ ಚೌಕಿ ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರು ಹಜಾರ ಮುಂತಾದವು ಹೀಗೆ ‘ಹಸ್ತಶಿಲ್ಪ’ ಪಾರಂಪರಿಕ ಗ್ರಾಮವನ್ನು ಸೇರಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು.

ಲಾಲ್ ಮಹಲನ್ನು ಉದಕಮಂಡಲಕ್ಕೆ ಒಯ್ದ ಗುಣವೇ ಈ ಮನೆಗಳನ್ನು ಮಣಿಪಾಲಕ್ಕೆ ತಂದಿತು. ಬಿಚ್ಚಬಹುದಾದ ಮನೆಯನ್ನು ಕೆಡಿಸಲೂಬಹುದು, ಕಾಪಾಡಲೂಬಹುದು. ಗುರುತು ಹಾಕಿ, ಯಾವ ತುಂಡು ಎಲ್ಲಿತ್ತೆಂದು ಬರೆದಿಟ್ಟು ಬಿಚ್ಚಿದರೆ ಅದು ಸ್ಥಳಾಂತರ. ಹಾಗೆಯೇ ಬಿಚ್ಚಿ ಲಾರಿಗೆ ತುಂಬಿದರೆ ಅದು ಮರದ ವ್ಯಾಪಾರ. ಊರು ಬಿಟ್ಟ ಮನೆಗೆ ತನ್ನ ಬೀದಿ, ಬಾವಿ, ನೆರೆಹೊರೆ ಇಲ್ಲವಲ್ಲ ಎಂಬ ಆಕ್ಷೇಪ ಸರಿಯಾದುದೇ. ಆದರೆ ಆ ಮನೆಗಳ ಮುಂದಿದ್ದ ಇನ್ನೊಂದು ದಾರಿ ಬೀದಿಯಲ್ಲಿ ಉಳಿಯುವುದಾಗಿರಲಿಲ್ಲ, ಹರಾಜಿಗೆ ಹೋಗುವುದಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಮತ್ತೆ ಕುದಾಪುರ

ಕುದಾಪುರದ ಕಾವಲಿನ ಹುಲ್ಲುಗಾವಲು ಬೇರೆ ಉದ್ದೇಶಗಳಿಗೆ ಹೋದಾಗ ಸುತ್ತಲಿನ ಹಳ್ಳಿಗಳ ದನ, ಕುರಿ ಸಾಕುವವರು ಪ್ರಶ್ನೆ ಎತ್ತಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ವಿವಾದದ ಸರಿತಪ್ಪು ಏನೇ ಇರಲಿ, ನೆಲದ ಬಗ್ಗೆ ಕೇಳುವವರಿದ್ದರು. ಮಾಳಿಗೆ ಮನೆಯ ವಿಷಯದಲ್ಲಿ ಹಾಗಲ್ಲ. ಅದನ್ನು ಕೆಡಹುವವರು ಹೊರಗಿನವರೂ ಅಲ್ಲ, ಶತ್ರುಗಳೂ ಅಲ್ಲ, ಮನೆಯವರೇ. ಅವರ ಕಾರಣಗಳೂ ಹಗುರವಾದವಲ್ಲ. ವರ್ಷ ವರ್ಷ ಮಾಳಿಗೆಗೆ ಮಣ್ಣು ಹಾಕಲು ಕೈ ಬೇಕು. ಮಕ್ಕಳು ಬೆಂಗಳೂರು ಸೇರಿರುತ್ತಾರೆ. ಒಂದು ಜೋರು ಮಳೆಗೆ ಸೋರಿದ ನೀರು ತೊಲೆಯ ತುದಿಯನ್ನು ಮೆತ್ತಗಾಗಿಸಿರುತ್ತದೆ. ಹಾವು, ಚೇಳಿನ ಭಯ ಬೇರೆ. ಅಣ್ಣತಮ್ಮಂದಿರ ಪಾಲಿನಲ್ಲಿ ಹತ್ತಂಕಣದ ಮನೆ ಐದೈದಾಗಿ, ನಡುವೆ ಗೋಡೆ ಎದ್ದು, ಗವಾಕ್ಷಿ ಒಬ್ಬರ ಪಾಲಿಗೂ ದೋಣಿ ಇನ್ನೊಬ್ಬರ ಪಾಲಿಗೂ ಹೋಗಿರುತ್ತದೆ. ಆರ್‌ಸಿಸಿ ಮನೆಗೆ ಸಾಲ ಸಿಗುತ್ತದೆ. ಮಾಳಿಗೆಗೆ ಮಣ್ಣು ಹಾಕಲು ಸಾಲ ಕೊಡುವವರು ಯಾರು? ಇಂಥ ಮನೆಯಲ್ಲಿ ವಾಸಿಸುವವರಿಗೆ ಪರಂಪರೆಯ ಪಾಠ ಹೇಳುವುದು ಸುಲಭ, ಅವರ ಜತೆ ಮಾಳಿಗೆ ಹತ್ತಿ ಮಣ್ಣು ತುಳಿಯುವುದು ಕಷ್ಟ.

ಆದ್ದರಿಂದ ಎಲ್ಲ ಮನೆಯನ್ನೂ ಉಳಿಸಿ ಎಂದು ಯಾರೂ ಹೇಳಲಾರರು. ಹೇಳಬಹುದಾದದ್ದು ಇಷ್ಟು. ಇನ್ನೂ ವಾಸವಿರುವ ಮನೆಯಾದರೆ ಮುಂಗಾರಿಗೆ ಮುನ್ನ ಮಾಳಿಗೆ, ದೋಣಿಗಳನ್ನು ನೋಡಿಕೊಂಡರೆ ಅರ್ಧ ಕೆಲಸ ಆದಂತೆ; ಶ್ರೀರಂಗಪಟ್ಟಣದಿಂದ ಹೋರ್ಯೂಜಿಯವರೆಗೆ ಎಲ್ಲರೂ ಮೊದಲು ಕಾದದ್ದು ಮಾಡನ್ನೇ. ಬೀಗ ಹಾಕಿದ ಮನೆಯಾದರೆ ಅದಕ್ಕೊಂದು ಬಳಕೆ ಹುಡುಕಬಹುದು. ವಾಚನಾಲಯ, ಅಂಗನವಾಡಿ, ಸಂಘದ ಕೋಣೆ, ಏನೇ ಆದರೂ ಜನ ಕೂರುವ ಕಡೆ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಕೆಡವಲೇಬೇಕಾದರೆ ಮೊದಲು ಕಂಬ, ತೊಲೆಗಳಿಗೆ ಗುರುತು ಹಾಕಿ, ಫೋಟೊ ತೆಗೆದು, ಗಟ್ಟಿಯಾದುದನ್ನು ಹೊಸ ಮನೆಯ ಪಡಸಾಲೆಗಾದರೂ ಬಳಸಿಕೊಳ್ಳಬಹುದು. ಲಾರಿಯವನು ಹೇಳಿದ ಬೆಲೆಗೆ ಒಪ್ಪುವ ಮುನ್ನ ಅದೇ ಅಳತೆಯ ಮರಕ್ಕೆ ಇಂದು ಎಷ್ಟು ಬೆಲೆ ಎಂದು ಬಡಗಿಯನ್ನು ಕೇಳುವುದರಲ್ಲಿ ನಷ್ಟವಿಲ್ಲ.

ಹಣ ಬೇಡದ ಕೆಲಸವೂ ಒಂದಿದೆ. ಊರಿನಲ್ಲಿ ಉಳಿದಿರುವ ಮಾಳಿಗೆ ಮನೆಗಳೆಷ್ಟು, ಒಂದೊಂದೂ ಎಷ್ಟು ಅಂಕಣದ್ದು, ಕಂಬಕ್ಕೆ ಯಾವ ಮರ, ಅದು ಎಲ್ಲಿಂದ ಬಂತು, ಕಟ್ಟಿದ ಬಡಗಿ ಯಾರು ಎಂದು ಶಾಲೆಯ ಮಕ್ಕಳು ಮನೆ ಮನೆಗೆ ಹೋಗಿ ಕೇಳಿ ಬರೆದಿಡಬಹುದು. ಅಜ್ಜ ಅಜ್ಜಿಯರು ಇರುವಾಗಲೇ ಇದು ಆಗಬೇಕು. ಲಾಲ್ ಮಹಲಿನ ಒಂದೊಂದು ಕೋಣೆಯನ್ನೂ ಹೀಗೆ ಅಳೆದು ಬರೆದಿಟ್ಟು ಕೆಡವಿದ್ದರೆ, ಇಂದು ಅಡಿಪಾಯದ ಗುರುತಿನ ಮುಂದೆ ನಿಂತ ಪ್ರವಾಸಿ ಅರಮನೆ ಹೇಗಿತ್ತೆಂದು ಊಹಿಸುತ್ತ ನಿಲ್ಲಬೇಕಿರಲಿಲ್ಲ.

ಹತ್ತು ವರ್ಷ ಬಿಟ್ಟು ಕುದಾಪುರದ ಹುಡುಗನೊಬ್ಬ ‘ಅಂಕಣ ಎಂದರೆ ಏನು?’ ಎಂದು ಕೇಳಿದರೆ ಪತ್ರಿಕೆಯ ಪುಟವನ್ನು ತೋರಿಸುವುದು ಯಾರಿಗಾದರೂ ಸಾಧ್ಯ. ಎರಡು ಕಂಬಗಳ ನಡುವೆ ಅವನನ್ನು ನಿಲ್ಲಿಸಿ, ತಲೆಯೆತ್ತಿ ತೊಲೆಯನ್ನು ನೋಡು ಎಂದು ಹೇಳಲು ಆ ಹೊತ್ತಿಗೆ ಊರಿನಲ್ಲಿ ಒಂದು ಮನೆಯಾದರೂ ಇರಬೇಕು.